ಅಮೆರಿಕ ಮತ್ತು ಅದರ ದಕ್ಷಿಣದ ನೆರೆಯವರು: ಪದೇ ಪದೇ ಕೇಳುವ ಪ್ರಶ್ನೆಗಳು

ಮೆಕ್ಸಿಕೊ, ಮಧ್ಯ ಅಮೆರಿಕದ ಪುಟ್ಟ ದೇಶಗಳು, ಕೆರಿಬಿಯನ್ ದ್ವೀಪಗಳು, ಕೆಳಗೆ ಚಿಲಿಯ ತುದಿಯವರೆಗೆ. ಇಷ್ಟು ನೆರೆಯವರ ಜೊತೆ ಅಮೆರಿಕ ಇನ್ನೂರು ವರ್ಷ ಹೇಗೆ ನಡೆದುಕೊಂಡಿತು ಅನ್ನೋದು ನನಗೆ ತುಂಬಾ ಮುಖ್ಯ ಅನಿಸಿರುವ ವಿಷಯ. ಗೆಳೆಯರು, ನೆಂಟರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಇಟ್ಟಿದ್ದೇನೆ. ಗ್ವಾಟೆಮಾಲಾದ ಕಥೆ ಉಳಿದವಕ್ಕಿಂತ ಉದ್ದವಾಗಿದೆ. ಅದು ಅರ್ಥವಾದರೆ ಮಿಕ್ಕಿದ್ದು ಸುಲಭ.

ಕ್ಯಾಲಿಫೋರ್ನಿಯಾದ ಊರುಗಳಿಗೆಲ್ಲ ಸ್ಪ್ಯಾನಿಷ್ ಹೆಸರು ಯಾಕೆ?

ಅಲ್ಲಿ ನೆಲೆಸಿರುವ ನಮ್ಮ ಕನ್ನಡದವರು ಬಹಳ ಜನ. ಹಾಗಾಗಿ ಇದನ್ನೇ ಮೊದಲು ಇಟ್ಟೆ. ಸ್ಯಾನ್ ಹೋಸೆ, ಸಾಂತಾ ಕ್ಲಾರಾ, ಸ್ಯಾನ್ ಡಿಯಾಗೊ, ಲಾಸ್ ಏಂಜಲೀಸ್. ಇವೆಲ್ಲ ಮೊದಲು ಸ್ಪೇನಿನ ಕೈಯಲ್ಲಿದ್ದವು. ಆಮೇಲೆ 1848ರ ತನಕ ಮೆಕ್ಸಿಕೊದವು. ಈ ಎಲ್ಲರಿಗಿಂತ ಮೊದಲು ಆ ನೆಲ ಅಲ್ಲಿನ ಮೂಲನಿವಾಸಿಗಳದ್ದು.

1845ರಲ್ಲಿ ಅಮೆರಿಕ ಟೆಕ್ಸಾಸನ್ನು ತನ್ನೊಳಗೆ ಸೇರಿಸಿಕೊಂಡಿತು. ಟೆಕ್ಸಾಸಿನ ಗಡಿ ಯಾವ ನದಿಯವರೆಗೆ ಅನ್ನುವ ಜಗಳ ಎದ್ದಿತು. ಅಧ್ಯಕ್ಷ ಪೋಕ್ ಆ ಜಗಳದ ನೆಲಕ್ಕೇ ಸೇನೆ ಕಳಿಸಿದರು. ಗುಂಡು ಹಾರಿತು. 1846ರಲ್ಲಿ ಯುದ್ಧ ಶುರುವಾಯಿತು. ಮರುವರ್ಷ ಅಮೆರಿಕದ ಸೇನೆ ಮೆಕ್ಸಿಕೊ ಸಿಟಿಯ ಒಳಗೇ ಬಂದು ಕೂತಿತು. ರಕ್ತ ಬಿದ್ದ ಆ ಜಾಗ ನಿಜವಾಗಿ ಯಾರ ನೆಲ, ತೋರಿಸಿ ಎಂದು ಅಮೆರಿಕದ ಸಂಸತ್ತಿನಲ್ಲಿ ಒಬ್ಬ ಹೊಸ ಸದಸ್ಯ ಪಟ್ಟು ಹಿಡಿದರು. ಅವರ ಹೆಸರು ಅಬ್ರಹಾಂ ಲಿಂಕನ್.

1848ರ ಫೆಬ್ರುವರಿ 2ರಂದು ಗ್ವಾಡಲೂಪೆ ಹಿಡಾಲ್ಗೊ ಒಪ್ಪಂದಕ್ಕೆ ಸಹಿ ಬಿತ್ತು. ಟೆಕ್ಸಾಸನ್ನೂ ಸೇರಿಸಿದರೆ ಮೆಕ್ಸಿಕೊ ತನ್ನ ಅರ್ಧಕ್ಕಿಂತ ಜಾಸ್ತಿ ನೆಲ ಕಳೆದುಕೊಂಡಿತು. ಅದಕ್ಕೆ ಸಿಕ್ಕಿದ್ದು ಒಂದೂವರೆ ಕೋಟಿ ಡಾಲರ್. ಸಹಿ ಬೀಳುವ ಒಂಬತ್ತು ದಿನ ಮೊದಲು ಕ್ಯಾಲಿಫೋರ್ನಿಯಾದ ಒಂದು ಮರದ ಮಿಲ್ಲಿನ ಹತ್ತಿರ ಚಿನ್ನ ಕಂಡಿತ್ತು. ಸುದ್ದಿ ಇನ್ನೂ ಹರಡಿರಲಿಲ್ಲ.

ಕನ್ನಡದವರಿಗೆ ಚೆನ್ನಾಗಿ ಗೊತ್ತಿರುವ ಫ್ರೀಮಾಂಟ್ ಊರಿಗೆ ಹೆಸರು ಬಂದದ್ದು ಜಾನ್ ಫ್ರೀಮಾಂಟ್ ಅವರಿಂದ. 1846ರಲ್ಲಿ ಕ್ಯಾಲಿಫೋರ್ನಿಯಾವನ್ನು ಮೆಕ್ಸಿಕೊ ಕೈಯಿಂದ ಕಿತ್ತುಕೊಂಡ ಸೇನಾಧಿಕಾರಿಗಳಲ್ಲಿ ಅವರೂ ಒಬ್ಬರು. ಹಾಗಾಗಿ ಅಲ್ಲಿನ ರಸ್ತೆ ಫಲಕಗಳಲ್ಲಿ ಸೋತವರ ಹೆಸರೂ ಇದೆ, ಗೆದ್ದವರ ಹೆಸರೂ ಇದೆ.

ಮನ್ರೋ ಸಿದ್ಧಾಂತ ಅಂದ್ರೆ ಏನು?

1823ರ ಡಿಸೆಂಬರ್ 2ರಂದು ಅಧ್ಯಕ್ಷ ಜೇಮ್ಸ್ ಮನ್ರೋ ಸಂಸತ್ತಿಗೆ ಕಳಿಸಿದ ವಾರ್ಷಿಕ ಸಂದೇಶದಲ್ಲಿ ಬಂದ ಕೆಲವು ಮಾತುಗಳು. ಅದರ ಹಿಂದಿನ ತಲೆ ವಿದೇಶಾಂಗ ಕಾರ್ಯದರ್ಶಿ ಜಾನ್ ಕ್ವಿನ್ಸಿ ಆಡಮ್ಸ್ ಅವರದು. ಆಗ ಸ್ಪೇನಿನ ವಸಾಹತುಗಳು ಒಂದೊಂದಾಗಿ ಬಿಡುಗಡೆ ಪಡೆದಿದ್ದವು. ಯುರೋಪಿನ ದೊರೆಗಳು ಮತ್ತೆ ಬಂದು ಅವನ್ನು ಹಿಡಿದಾರು ಅನ್ನೋ ಭಯ ಇತ್ತು. ಮನ್ರೋ ಹೇಳಿದ್ದು ಇಷ್ಟು: ಇನ್ನು ಇಲ್ಲಿ ಹೊಸ ವಸಾಹತು ಕಟ್ಟಬೇಡಿ, ನಿಮ್ಮ ಜಗಳದಲ್ಲಿ ನಾವೂ ತಲೆಹಾಕಲ್ಲ.

ಆ ಮಾತು ನಡೆಸಿಕೊಡುವ ಶಕ್ತಿ ಆಗ ಅಮೆರಿಕಕ್ಕೆ ಇರಲಿಲ್ಲ. ಯುರೋಪಿನವರನ್ನು ದೂರ ಇಟ್ಟದ್ದು ಬ್ರಿಟನ್ನಿನ ನೌಕಾಪಡೆ. ತನ್ನ ವ್ಯಾಪಾರಕ್ಕೆ ಆ ಹೊಸ ದೇಶಗಳ ಬಂದರು ತೆರೆದಿರಬೇಕು ಅಂತ ಬ್ರಿಟನ್ನಿಗೂ ಆಸೆ ಇತ್ತು.

ಇಲ್ಲಿ ಎರಡು ವಿಷಯ ಗಮನಿಸಬೇಕು. ಒಂದು, ನೆರೆ ದೇಶಗಳ ಒಳಗೆ ನುಗ್ಗುವ ಹಕ್ಕು ತನಗಿದೆ ಅಂತ ಮನ್ರೋ ಎಲ್ಲೂ ಹೇಳಿಲ್ಲ. ಇನ್ನೊಂದು, ಯಾರನ್ನು ಕಾಪಾಡುತ್ತೇವೆ ಅಂದರೋ ಅವರನ್ನೇ ಒಂದು ಮಾತು ಕೇಳಲಿಲ್ಲ. ನೆರೆಮನೆಯತ್ತ ನೋಡುವಾಗಲೆಲ್ಲ ಅಮೆರಿಕದ ಕಣ್ಣು ಆ ಮನೆಯವರ ಮೇಲೆ ಇರಲಿಲ್ಲ, ಅವರ ಹಿಂದೆ ಯಾರೋ ನಿಂತಿದ್ದಾರೆ ಅನ್ನುವುದರ ಮೇಲೆ ಇತ್ತು. ಮೊದಲು ಯುರೋಪ್, ಆಮೇಲೆ ಸೋವಿಯತ್ ಒಕ್ಕೂಟ, ಆಮೇಲೆ ಮಾದಕ ವಸ್ತು ಸಾಗಿಸುವವರು. ಮುಂದಿನ ಉತ್ತರಗಳಲ್ಲೆಲ್ಲ ಇದೇ ಕಾಣುತ್ತದೆ.

ಹಾಗಾದರೆ ಸೇನೆ ನುಗ್ಗಿಸುವುದು ಯಾವಾಗ ಶುರುವಾಯಿತು?

ಸಾಲದ ನೆಪದಲ್ಲಿ. 1902ರ ಡಿಸೆಂಬರ್‌ನಲ್ಲಿ ವೆನೆಜುವೆಲಾ ಸಾಲ ತೀರಿಸಲಿಲ್ಲ ಅಂತ ಬ್ರಿಟನ್, ಜರ್ಮನಿ, ಇಟಲಿ ಹಡಗು ತಂದು ಅದರ ಬಂದರುಗಳನ್ನು ಅಡ್ಡಗಟ್ಟಿದವು. ಸಾಲ ವಸೂಲಿಗೆ ಬಂದೂಕು ತರುವುದು ಯಾರಿಗೂ ಸಲ್ಲದು ಎಂದು ಅರ್ಜೆಂಟೀನಾದ ವಿದೇಶಾಂಗ ಮಂತ್ರಿ ಲೂಯಿಸ್ ಮರಿಯಾ ಡ್ರಾಗೊ ವಾದಿಸಿದರು. ನನಗೆ ಅದು ಬಹಳ ನ್ಯಾಯದ ಮಾತು ಅನಿಸುತ್ತದೆ. ಅಧ್ಯಕ್ಷ ಥಿಯೊಡರ್ ರೂಸ್‌ವೆಲ್ಟ್ ಬೇರೆ ದಾರಿ ಹಿಡಿದರು. ಈ ಭಾಗದ ದೇಶಗಳು ಸರಿಯಾಗಿ ನಡೆದುಕೊಳ್ಳದಿದ್ದರೆ ಪೊಲೀಸ್ ಕೆಲಸ ಅಮೆರಿಕವೇ ಮಾಡಬೇಕಾದೀತು ಅಂತ 1904ರಲ್ಲಿ ಸಾರಿದರು. ಯುರೋಪನ್ನು ತಡೆಯಲು ಹಾಕಿದ ಬೇಲಿ ನೆರೆಯವರನ್ನೇ ಒಳಗೆ ಕೂಡಿಹಾಕುವ ಬೇಲಿಯಾಯಿತು.

1905ರಲ್ಲಿ ಡೊಮಿನಿಕನ್ ಗಣರಾಜ್ಯದ ಸುಂಕದ ಕಟ್ಟೆಗಳು ಅಮೆರಿಕದ ಅಧಿಕಾರಿಗಳ ಕೈಗೆ ಹೋದವು. ಆಮೇಲೆ ನಿಕರಾಗುವಾದಲ್ಲಿ 1912ರಿಂದ 1933ರವರೆಗೆ ಹೆಚ್ಚುಕಮ್ಮಿ ಎಡೆಬಿಡದೆ ಅಮೆರಿಕದ ಮರೀನ್ ಸೈನಿಕರಿದ್ದರು. ಹೈಟಿಯಲ್ಲಿ 1915ರಿಂದ 1934ರ ತನಕ. ಹೈಟಿಯ ಕಥೆ ಕೇಳಿದರೆ ಹೊಟ್ಟೆ ಉರಿಯುತ್ತದೆ. 1914ರ ಡಿಸೆಂಬರ್‌ನಲ್ಲಿ, ಇನ್ನೂ ಆ ದೇಶವನ್ನು ಹಿಡಿಯುವ ಮೊದಲೇ, ಮರೀನ್‌ಗಳು ಅಲ್ಲಿನ ಬ್ಯಾಂಕಿನಿಂದ 5 ಲಕ್ಷ ಡಾಲರ್ ಬೆಲೆಯ ಚಿನ್ನವನ್ನು ಹಡಗಿಗೆ ಹಾಕಿ ನ್ಯೂಯಾರ್ಕಿಗೆ ಒಯ್ದರು. ಆಮೇಲೆ ರಸ್ತೆ ಕಟ್ಟಲು ರೈತರನ್ನು ಬಿಟ್ಟಿ ದುಡಿಮೆಗೆ ಹಿಡಿದು ತಂದರು. ಗುಲಾಮಗಿರಿಯನ್ನು ಮುರಿದು ಹುಟ್ಟಿದ ದೇಶ ಅದು.

ಪನಾಮಾ ಕಾಲುವೆ ಯಾರದ್ದು?

ಪನಾಮಾದ್ದು. 1999ರ ಡಿಸೆಂಬರ್ 31ರಿಂದ ಪೂರ್ತಿಯಾಗಿ.

ಮೊದಲು ಪನಾಮಾ ಕೊಲಂಬಿಯಾದ ಒಂದು ಭಾಗ. ಕಾಲುವೆ ತೋಡಲು ಅಮೆರಿಕ ಮಾಡಿಕೊಂಡ ಒಪ್ಪಂದವನ್ನು ಕೊಲಂಬಿಯಾದ ಸೆನೆಟ್ 1903ರಲ್ಲಿ ತಳ್ಳಿಹಾಕಿತು. ಕೆಲವೇ ತಿಂಗಳಲ್ಲಿ, ನವೆಂಬರ್ 3ರಂದು, ಪನಾಮಾದಲ್ಲಿ ದಂಗೆ. ಹತ್ತಿರದಲ್ಲೇ ಅಮೆರಿಕದ ಯುದ್ಧನೌಕೆ. ಕೊಲಂಬಿಯಾದ ಸೇನೆಗೆ ದಂಗೆ ಅಡಗಿಸಲು ಆಗಲಿಲ್ಲ. ಹದಿನೈದು ದಿನ ಕಳೆಯುವುದರೊಳಗೆ ಕಾಲುವೆ ಒಪ್ಪಂದಕ್ಕೆ ಸಹಿ ಬಿತ್ತು. ಪನಾಮಾದ ಪರವಾಗಿ ಸಹಿ ಹಾಕಿದವರು ಫಿಲಿಪ್ ಬುನೊ ವಾರಿಯಾ, ಒಬ್ಬ ಫ್ರೆಂಚ್ ಎಂಜಿನಿಯರ್! ಪನಾಮಾದಿಂದ ಹೊರಟ ನಿಯೋಗ ವಾಷಿಂಗ್ಟನ್ ತಲುಪುವ ಮೊದಲೇ ಅವರು ಕೆಲಸ ಮುಗಿಸಿದ್ದರು. ಹತ್ತು ಮೈಲಿ ಅಗಲದ ಪಟ್ಟಿ ಎಂದೆಂದಿಗೂ ಅಮೆರಿಕಕ್ಕೆ ಅಂತ ಅದರಲ್ಲಿ ಬರೆದಿತ್ತು.

ಕಾಲುವೆ 1914ರಲ್ಲಿ ತೆರೆಯಿತು. ಐವತ್ತು ವರ್ಷ ಆದ ಮೇಲೆ, 1964ರ ಜನವರಿಯಲ್ಲಿ, ಆ ಪಟ್ಟಿಯೊಳಗೆ ತಮ್ಮ ಬಾವುಟ ಹಾರಿಸಲು ಪನಾಮಾದ ವಿದ್ಯಾರ್ಥಿಗಳು ಹೋದರು. ಗಲಭೆಯಾಗಿ ಇಪ್ಪತ್ತಕ್ಕೂ ಹೆಚ್ಚು ಪನಾಮಾದವರು ಸತ್ತರು. ಜನವರಿ 9 ಅಲ್ಲಿ ಇವತ್ತಿಗೂ ಹುತಾತ್ಮರ ದಿನ. 1977ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಮತ್ತು ಪನಾಮಾದ ಒಮರ್ ತೊರಿಹೋಸ್ ಕಾಲುವೆ ಹಿಂತಿರುಗಿಸುವ ಒಪ್ಪಂದಕ್ಕೆ ಸಹಿ ಹಾಕಿದರು. ಸೆನೆಟ್‌ನಲ್ಲಿ 68 ಮತ ಬಿತ್ತು, ಬೇಕಿದ್ದದ್ದು 67. ರಾಜಕೀಯವಾಗಿ ಕಾರ್ಟರ್‌ಗೆ ಅದರಿಂದ ನಷ್ಟವೇ ಆಯಿತು. ಆದರೂ ಮಾಡಿದರು. ಅದಕ್ಕೆ ನನಗೆ ಅವರ ಮೇಲೆ ಗೌರವ.

ಕ್ಯೂಬಾ ಜೊತೆ ಅಷ್ಟು ಜಗಳ ಇದ್ದರೂ ಅಲ್ಲಿ ಅಮೆರಿಕದ ಸೇನಾ ನೆಲೆ ಹೇಗಿದೆ?

1898ರಲ್ಲಿ ಸ್ಪೇನನ್ನು ಸೋಲಿಸಿ ಅಮೆರಿಕ ಕ್ಯೂಬಾಕ್ಕೆ ಬಂತು. ಸೇನೆ ಹೊರಡಬೇಕಾದರೆ ತನಗೆ ಮಧ್ಯೆ ಬರುವ ಹಕ್ಕು ಇರಬೇಕು, ಅದನ್ನು ನಿಮ್ಮ ಸಂವಿಧಾನದಲ್ಲೇ ಬರೆಯಿರಿ ಅಂತ 1901ರಲ್ಲಿ ಷರತ್ತು ಹಾಕಿತು. ಇದೇ ಪ್ಲ್ಯಾಟ್ ತಿದ್ದುಪಡಿ. 1903ರಲ್ಲಿ ಗ್ವಾಂಟಾನಮೊ ಕೊಲ್ಲಿಯನ್ನು ಗುತ್ತಿಗೆಗೆ ಪಡೆಯಿತು. ಇಬ್ಬರೂ ಒಪ್ಪಿದರೆ ಮಾತ್ರ, ಇಲ್ಲವೇ ಅಮೆರಿಕವೇ ಬಿಟ್ಟು ಹೋದರೆ ಮಾತ್ರ ಗುತ್ತಿಗೆ ಮುಗಿಯುತ್ತದೆ ಅಂತ 1934ರ ಒಪ್ಪಂದದಲ್ಲಿ ಇದೆ. ವರ್ಷದ ಬಾಡಿಗೆ 4,085 ಡಾಲರ್. ಫಿಡೆಲ್ ಕ್ಯಾಸ್ಟ್ರೊ ನಡೆಸಿದ ಕ್ರಾಂತಿಯ ನಂತರ ಒಂದೇ ಒಂದು ಚೆಕ್ಕನ್ನು, 1959ರಲ್ಲಿ, ಕ್ಯೂಬಾ ನಗದು ಮಾಡಿಕೊಂಡಿತು. ಆಮೇಲೆ ಬಂದ ಚೆಕ್ಕುಗಳನ್ನು ಮುಟ್ಟಿಲ್ಲ.

ಅಮೆರಿಕ ಒಳ್ಳೆ ನೆರೆಯವನಾಗಿ ನಡೆದುಕೊಂಡ ಕಾಲವೇ ಇಲ್ವಾ?

ಇದೆ. 1933ರಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟ್ ಒಳ್ಳೆಯ ನೆರೆಯವರ ನೀತಿ ಸಾರಿದರು. ನಿಕರಾಗುವಾದಿಂದ ಸೇನೆ ಅವರು ಅಧಿಕಾರಕ್ಕೆ ಬರುವ ಸ್ವಲ್ಪ ಮೊದಲೇ ಹೊರಟಿತ್ತು, ಈಗ ಹೈಟಿಯಿಂದಲೂ ಹೊರಟಿತು. 1934ರಲ್ಲಿ ಪ್ಲ್ಯಾಟ್ ತಿದ್ದುಪಡಿ ರದ್ದಾಯಿತು.

ನಿಜವಾದ ಪರೀಕ್ಷೆ ಬಂದದ್ದು 1938ರ ಮಾರ್ಚ್ 18ರಂದು. ಮೆಕ್ಸಿಕೊದ ಅಧ್ಯಕ್ಷ ಲಾಜರೊ ಕಾರ್ಡೆನಾಸ್ ವಿದೇಶಿ ಎಣ್ಣೆ ಕಂಪನಿಗಳನ್ನು ರಾಷ್ಟ್ರೀಕರಣ ಮಾಡಿದರು. ಪರಿಹಾರ ಕೊಡಲು ಜನ ತಾವಾಗಿ ಮುಂದೆ ಬಂದರು. ಹೆಂಗಸರು ಒಡವೆ ತಂದರು, ಬಡವರು ಕೋಳಿ ತಂದುಕೊಟ್ಟರು. ಕಂಪನಿಗಳು ಕೆಂಡಾಮಂಡಲವಾದವು. ಆದರೆ ಅಮೆರಿಕ ಹಡಗು ಕಳಿಸಲಿಲ್ಲ. ಮಾತುಕತೆ ನಡೆಯಿತು. 1942ರಲ್ಲಿ ಸುಮಾರು 2 ಕೋಟಿ 40 ಲಕ್ಷ ಡಾಲರ್‌ಗೆ ವಿಷಯ ಬಗೆಹರಿಯಿತು.

ಆಗ ತಾಳ್ಮೆಯಿಂದಿರಿ ಎಂದು ವಾಷಿಂಗ್ಟನ್ನಿಗೆ ಹೇಳುತ್ತಾ ಬಂದವರು ಮೆಕ್ಸಿಕೊದಲ್ಲಿದ್ದ ರಾಯಭಾರಿ ಜೋಸೆಫಸ್ ಡೇನಿಯಲ್ಸ್. 1914ರಲ್ಲಿ ಮೆಕ್ಸಿಕೊದ ವೆರಾಕ್ರೂಸ್ ಬಂದರನ್ನು ಅಮೆರಿಕ ಬಲದಿಂದ ಹಿಡಿದಾಗ ನೌಕಾ ಖಾತೆಯ ಮಂತ್ರಿಯಾಗಿದ್ದವರು ಇವರೇ! ಅವರ ಕೈಕೆಳಗೆ ಆಗ ಕೆಲಸ ಮಾಡುತ್ತಿದ್ದವರು ಇದೇ ಫ್ರಾಂಕ್ಲಿನ್ ರೂಸ್‌ವೆಲ್ಟ್. ಇಬ್ಬರೂ ಇಪ್ಪತ್ತೈದು ವರ್ಷದಲ್ಲಿ ಬದಲಾಗಿದ್ದರು.

ಈ ನೀತಿಗೂ ಒಂದು ಕಪ್ಪು ಮುಖ ಇತ್ತು. ಸೇನೆ ಹೊರಟ ಜಾಗಕ್ಕೆ ಸರ್ವಾಧಿಕಾರಿಗಳು ಬಂದು ಕೂತರು. ನಿಕರಾಗುವಾದಲ್ಲಿ ಸೊಮೊಸಾ, ಡೊಮಿನಿಕನ್ ಗಣರಾಜ್ಯದಲ್ಲಿ ತ್ರುಹಿಯೊ. ಇಬ್ಬರೂ ಅಮೆರಿಕ ತರಬೇತಿ ಕೊಟ್ಟ ಪಡೆಗಳ ಹೆಗಲೇರಿ ಬಂದವರು.

ಬಾಳೆಹಣ್ಣಿನ ಕಂಪನಿಗಾಗಿ ಸರ್ಕಾರ ಬೀಳಿಸಿದರು ಅಂತಾರೆ. ನಿಜವೇ?

ಗ್ವಾಟೆಮಾಲಾ, 1954. ಬಾಳೆ ಒಂದೇ ಕಾರಣ ಅಲ್ಲ, ಆದರೆ ಬಾಳೆ ಇಲ್ಲದೆ ಈ ಕಥೆ ಹೇಳಲು ಆಗಲ್ಲ.

ಯುನೈಟೆಡ್ ಫ್ರೂಟ್ ಎಂಬ ಅಮೆರಿಕದ ಕಂಪನಿ ಅಲ್ಲಿನ ಅತಿ ದೊಡ್ಡ ಜಮೀನ್ದಾರ. ಬಾಳೆ ತೋಟ ಅದರದ್ದು. ರೈಲು ಅದರ ಹಿಡಿತದಲ್ಲಿ. ಅಟ್ಲಾಂಟಿಕ್ ಕಡೆಯ ಮುಖ್ಯ ಬಂದರೂ ಅದರ ಕೈಯಲ್ಲಿ. ಅದರ ಜಮೀನಿನಲ್ಲಿ ಹೆಚ್ಚಿನ ಪಾಲು ಉಳುಮೆ ಇಲ್ಲದೆ ಸುಮ್ನೆ ಬಿದ್ದಿತ್ತು.

ಚುನಾವಣೆಯಲ್ಲಿ ಗೆದ್ದು ಬಂದ ಅಧ್ಯಕ್ಷ ಹಾಕೊಬೊ ಆರ್ಬೆನ್ಸ್ 1952ರ ಜೂನ್‌ನಲ್ಲಿ ಭೂಸುಧಾರಣೆ ಕಾನೂನು ತಂದರು. ‘ಉಳುವವನೇ ಹೊಲದೊಡೆಯ’ ಅಂತ 1974ರಲ್ಲಿ ದೇವರಾಜ ಅರಸು ಅವರ ಕಾಲದಲ್ಲಿ ನಮ್ಮಲ್ಲಿ ಆದದ್ದನ್ನು ನೆನೆಸಿಕೊಳ್ಳಿ. ನಮ್ಮಲ್ಲಿ ಗೇಣಿದಾರರು ಉಳುತ್ತಿದ್ದ ನೆಲವೇ ಅವರಿಗೆ ಸಿಕ್ಕಿತು. ಆರ್ಬೆನ್ಸ್ ಮುಖ್ಯವಾಗಿ ಕೈಹಾಕಿದ್ದು ದೊಡ್ಡ ಹಿಡುವಳಿಗಳಲ್ಲಿ ಪಾಳುಬಿದ್ದ ನೆಲಕ್ಕೆ. ಸಣ್ಣ ರೈತರ ಜಮೀನು ಮುಟ್ಟಲಿಲ್ಲ. ತನ್ನ ಸ್ವಂತ ಜಮೀನನ್ನೂ ಅವರು ಬಿಟ್ಟುಕೊಟ್ಟರು. ಎರಡು ವರ್ಷದೊಳಗೆ ಸುಮಾರು 1 ಲಕ್ಷ ಕುಟುಂಬಗಳಿಗೆ ನೆಲ ಸಿಕ್ಕಿತು.

ಪರಿಹಾರದ ಲೆಕ್ಕವೇ ಜಗಳದ ಮೂಲ. ತೆರಿಗೆ ಕಟ್ಟುವಾಗ ನೀವೇ ಎಷ್ಟು ಬೆಲೆ ಬರೆದಿದ್ದೀರೋ ಅಷ್ಟು ಕೊಡುತ್ತೇವೆ ಅಂತ ಸರ್ಕಾರ ಹೇಳಿತು. ತೆರಿಗೆ ಕಮ್ಮಿ ಆಗಲಿ ಅಂತ ಕಂಪನಿ ಬೆಲೆಯನ್ನು ತೀರಾ ಕೆಳಗೆ ತೋರಿಸಿತ್ತು. ಮೊದಲ ಕಂತಿನ ಜಮೀನಿಗೆ ಬಂದ ಮೊತ್ತ ಸುಮಾರು 6 ಲಕ್ಷ ಡಾಲರ್. ಇಲ್ಲ, 1 ಕೋಟಿ 58 ಲಕ್ಷ ಕೊಡಿ ಅಂತ ಕೇಳಿದ್ದು ಕಂಪನಿಯಲ್ಲ, ಅದರ ಪರವಾಗಿ ಅಮೆರಿಕದ ವಿದೇಶಾಂಗ ಇಲಾಖೆ. ಆಗ ವಿದೇಶಾಂಗ ಕಾರ್ಯದರ್ಶಿ ಜಾನ್ ಫಾಸ್ಟರ್ ಡಲ್ಲಸ್, ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಮುಖ್ಯಸ್ಥ ಅವರ ತಮ್ಮ ಆಲನ್ ಡಲ್ಲಸ್. ಸರ್ಕಾರಕ್ಕೆ ಬರುವ ಮೊದಲು ಇಬ್ಬರೂ ವಕೀಲರಾಗಿದ್ದ ಸಂಸ್ಥೆ ಈ ಕಂಪನಿಯ ಕೆಲಸವನ್ನೂ ಮಾಡಿತ್ತು.

ಹಾಗಂತ ಅವರು ಬರೀ ಕಂಪನಿಯ ದುಡ್ಡಿಗಾಗಿ ಮಾಡಿದರು ಅನ್ನೋದು ಪೂರ್ತಿ ಸರಿಯಲ್ಲ. ಆರ್ಬೆನ್ಸ್ ಸುತ್ತ ಕಮ್ಯುನಿಸ್ಟರು ಇದ್ದದ್ದು ನಿಜ. ಭೂಸುಧಾರಣೆಗೆ ಅವರು ಓಡಾಡಿದ್ದೂ ನಿಜ. ಭೂಮಿ ಇಲ್ಲದ ರೈತನ ಕಷ್ಟ ವಾಷಿಂಗ್ಟನ್ನಿಗೆ ಕಾಣಲಿಲ್ಲ. ಅವನ ಹಿಂದೆ ಮಾಸ್ಕೊ ಕಂಡಿತು.

1954ರ ಜೂನ್‌ನಲ್ಲಿ ಸಿಐಎ ಸಜ್ಜು ಮಾಡಿದ ಕೆಲವೇ ನೂರು ಜನ, ಕಾಸ್ತಿಯೊ ಆರ್ಮಾಸ್ ಎಂಬ ಸೇನಾಧಿಕಾರಿಯ ಹಿಂದೆ, ಹೊಂಡುರಾಸ್ ಕಡೆಯಿಂದ ಗಡಿ ದಾಟಿದರು. ಆ ಪಡೆ ಗೆಲ್ಲುವಂಥದ್ದಲ್ಲ. ಗೆದ್ದದ್ದು ರೇಡಿಯೊ. ದೊಡ್ಡ ಸೇನೆ ರಾಜಧಾನಿಯತ್ತ ಬರುತ್ತಿದೆ ಎಂದು ಸಿಐಎ ನಡೆಸುತ್ತಿದ್ದ ಬಾನುಲಿ ಸುಳ್ಳು ಸುದ್ದಿ ಬಿತ್ತಿತು. ಮೇಲಿಂದ ವಿಮಾನಗಳು ಬಾಂಬ್ ಹಾಕಿದವು. ಅಮೆರಿಕವೇ ನುಗ್ಗುತ್ತದೆ ಅಂತ ಹೆದರಿ ಗ್ವಾಟೆಮಾಲಾದ ಸೇನಾಧಿಕಾರಿಗಳು ಅಧ್ಯಕ್ಷರ ಕೈಬಿಟ್ಟರು. ಜೂನ್ 27ರಂದು ಆರ್ಬೆನ್ಸ್ ರಾಜೀನಾಮೆ ಕೊಟ್ಟರು. ಹಂಚಿದ ನೆಲದಲ್ಲಿ ಹೆಚ್ಚುಕಮ್ಮಿ ಎಲ್ಲವನ್ನೂ ರೈತರಿಂದ ಕಿತ್ತುಕೊಂಡರು.

ಆಮೇಲೆ 1960ರಿಂದ 1996ರವರೆಗೆ ಅಂತರ್ಯುದ್ಧ. ಸತ್ತವರು ಮತ್ತು ಕಾಣೆಯಾದವರು 2 ಲಕ್ಷಕ್ಕೂ ಹೆಚ್ಚು ಅಂತ ವಿಶ್ವಸಂಸ್ಥೆಯ ಬೆಂಬಲದ ಸತ್ಯ ಆಯೋಗ ಅಂದಾಜು ಮಾಡಿತು. ಅವರಲ್ಲಿ ಬಹುಪಾಲು ಮಾಯಾ ಜನಾಂಗದ ಹಳ್ಳಿಯವರು.

ಹಾಗಾದರೆ ಕಮ್ಯುನಿಸಂ ಭಯ ಬರೀ ನೆಪವೇ?

ಬರೀ ನೆಪ ಅನ್ನಲಾಗದು. 1962ರ ಅಕ್ಟೋಬರ್‌ನಲ್ಲಿ ಸೋವಿಯತ್ ಅಣು ಕ್ಷಿಪಣಿಗಳು ಕ್ಯೂಬಾದಲ್ಲಿ ನಿಜವಾಗಿಯೂ ಇದ್ದವು. ಫ್ಲಾರಿಡಾದಿಂದ ಕ್ಯೂಬಾ ಸುಮಾರು 150 ಕಿಲೋಮೀಟರ್ ಅಷ್ಟೇ. ಯಾವ ದೇಶವಾದರೂ ಹೆದರುತ್ತಿತ್ತು. ಆದರೆ ಅದಕ್ಕೂ ಒಂದೂವರೆ ವರ್ಷ ಮೊದಲು, 1961ರ ಏಪ್ರಿಲ್‌ನಲ್ಲಿ, ಸುಮಾರು 1,400 ಜನ ವಲಸಿಗ ಕ್ಯೂಬನ್ನರಿಗೆ ಬಂದೂಕು ಕೊಟ್ಟು ಬೇ ಆಫ್ ಪಿಗ್ಸ್ ತೀರಕ್ಕೆ ಇಳಿಸಿದ್ದು ಅಮೆರಿಕವೇ. ಗ್ವಾಟೆಮಾಲಾದಲ್ಲಿ ಸುಲಭವಾಗಿ ಆದದ್ದು ಇಲ್ಲೂ ಆದೀತು ಅಂದುಕೊಂಡಿದ್ದರು. ಮೂರು ದಿನದಲ್ಲಿ ಸೋತರು. ಮತ್ತೆ ದಾಳಿ ಬಂದೇ ಬರುತ್ತದೆ ಎಂಬ ಭಯ ಕ್ಯೂಬಾಕ್ಕೆ ಹುಟ್ಟಿತು. ಕ್ಷಿಪಣಿಗೆ ಅದು ಒಪ್ಪಿದ್ದಕ್ಕೆ ಈ ಭಯವೂ ಒಂದು ಕಾರಣ.

ಚಿಲಿಯಲ್ಲಿ ಏನಾಯಿತು?

1970ರಲ್ಲಿ ಸಾಲ್ವಡೋರ್ ಅಯೆಂದೆ ಎಂಬ ಸಮಾಜವಾದಿ ಮತಪೆಟ್ಟಿಗೆಯಿಂದ ಗೆದ್ದರು. ಅವರು ಅಧಿಕಾರ ಹಿಡಿಯುವ ಮೊದಲೇ ತಡೆಯಿರಿ ಅಂತ ಸೆಪ್ಟೆಂಬರ್ 15ರಂದು ಅಧ್ಯಕ್ಷ ನಿಕ್ಸನ್ ಸಿಐಎಗೆ ಆದೇಶ ಕೊಟ್ಟರು. ಚಿಲಿಯ ಆರ್ಥಿಕತೆ ಕಿರುಚಬೇಕು ಎಂದು ಸಿಐಎ ಮುಖ್ಯಸ್ಥ ರಿಚರ್ಡ್ ಹೆಲ್ಮ್ಸ್ ಆ ಸಭೆಯಲ್ಲಿ ಕೈಯಾರೆ ಬರೆದುಕೊಂಡ ಚೀಟಿ ಇವತ್ತಿಗೂ ಇದೆ. ಸೇನೆ ರಾಜಕೀಯಕ್ಕೆ ಬರಬಾರದು ಅಂತ ಗಟ್ಟಿಯಾಗಿ ನಿಂತಿದ್ದ ಜನರಲ್ ರೆನೆ ಶ್ನೈಡರ್ ಅವರನ್ನು ಅಕ್ಟೋಬರ್‌ನಲ್ಲಿ ಅಪಹರಿಸಲು ಹೋದವರು ಗುಂಡಿಟ್ಟು ಕೊಂದರು.

1973ರ ಸೆಪ್ಟೆಂಬರ್ 11ರಂದು ಸೇನೆ ದಂಗೆ ಎದ್ದಿತು. ಅಂದಿನ ದಂಗೆಯಲ್ಲಿ ಅಮೆರಿಕ ನೇರವಾಗಿ ಕೈಹಾಕಿತು ಅನ್ನುವುದಕ್ಕೆ ಪುರಾವೆ ಸಿಗಲಿಲ್ಲ ಎಂದು 1975ರಲ್ಲಿ ಅಮೆರಿಕದ ಸೆನೆಟ್‌ನ ತನಿಖಾ ಸಮಿತಿ (ಚರ್ಚ್ ಸಮಿತಿ) ಹೇಳಿತು. ಅದಕ್ಕೆ ನೆಲ ಹದ ಮಾಡಿದ್ದನ್ನು ಮಾತ್ರ ಅದೇ ಸಮಿತಿ ವಿವರವಾಗಿ ಬಿಚ್ಚಿಟ್ಟಿತು. ದಂಗೆಯ ನಂತರ ಅಧಿಕಾರ ಹಿಡಿದ ಸೇನಾ ಮುಖ್ಯಸ್ಥ ಪಿನೊಚೆ ಅವರ ಆಡಳಿತ 1990ರವರೆಗೆ ನಡೆಯಿತು. 3,000ಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು. ಚಿಲಿಯ ಒಳಗೂ ಈ ದಂಗೆಯನ್ನು ಬಯಸಿದವರು ಬಹಳ ಜನ ಇದ್ದರು, ಅದನ್ನೂ ಹೇಳಬೇಕು. ಹೊರಗಿನವರ ಕೈ ಒಳಗಿನವರ ಕೈ ಹಿಡಿದೇ ಕೆಲಸ ಮಾಡುತ್ತದೆ.

ಸಣ್ಣ ದೇಶಗಳು ಕೋರ್ಟಿಗೆ ಹೋಗಬಾರದಾ?

ನಿಕರಾಗುವಾ ಹೋಯಿತು. ಅಲ್ಲಿನ ಸರ್ಕಾರದ ವಿರುದ್ಧ ಹೋರಾಡುತ್ತಿದ್ದ ಕಾಂಟ್ರಾಗಳಿಗೆ ಅಮೆರಿಕ ದುಡ್ಡು, ಬಂದೂಕು ಕೊಟ್ಟಿತ್ತು. 1984ರಲ್ಲಿ ಸಿಐಎ ಆ ದೇಶದ ಬಂದರುಗಳಿಗೆ ಸಿಡಿಗುಂಡು ಹಾಕಿಸಿತ್ತು. 1986ರ ಜೂನ್ 27ರಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ನಿಕರಾಗುವಾ ಪರ ತೀರ್ಪು ಕೊಟ್ಟಿತು. ಆಗ ನ್ಯಾಯಾಲಯದ ಅಧ್ಯಕ್ಷರು ನಮ್ಮ ಭಾರತದ ನಗೇಂದ್ರ ಸಿಂಗ್. ಅಮೆರಿಕ ತೀರ್ಪನ್ನು ಒಪ್ಪಲಿಲ್ಲ. ಭದ್ರತಾ ಮಂಡಳಿಯಲ್ಲಿ ವೀಟೊ ಹಾಕಿತು. ಪರಿಹಾರ ಬರಲೇ ಇಲ್ಲ.

ಈಗ ಅಮೆರಿಕದ ಗಡಿಗೆ ಬರುವ ವಲಸಿಗರಿಗೂ ಇದಕ್ಕೂ ನಂಟು ಇದೆಯಾ?

ಇದೆ. ಎಲ್ ಸಾಲ್ವಡೋರ್ ನೋಡಿ. 1980ರಿಂದ 1992ರ ಅಂತರ್ಯುದ್ಧದಲ್ಲಿ ಸುಮಾರು 75,000 ಜನ ಸತ್ತರು. ಅಲ್ಲಿನ ಸೇನೆಗೆ ಅಮೆರಿಕ ದುಡ್ಡು, ತರಬೇತಿ ಎರಡೂ ಕೊಟ್ಟಿತು. 1981ರ ಡಿಸೆಂಬರ್‌ನಲ್ಲಿ ಎಲ್ ಮೊಸೊತೆ ಹಳ್ಳಿಯ ಸುತ್ತಮುತ್ತ ನೂರಾರು ಜನರನ್ನು, ಬಹಳಷ್ಟು ಮಕ್ಕಳನ್ನು, ಕೊಂದ ಪಡೆಗೆ ಅಮೆರಿಕವೇ ತರಬೇತಿ ಕೊಟ್ಟಿತ್ತು. ಲಕ್ಷಾಂತರ ಜನ ಉತ್ತರಕ್ಕೆ ಓಡಿದರು. ಲಾಸ್ ಏಂಜಲೀಸ್‌ನ ಬಡ ಬೀದಿಗಳಲ್ಲಿ ಆ ಮಕ್ಕಳಲ್ಲಿ ಕೆಲವರು ಗುಂಪು ಕಟ್ಟಿಕೊಂಡರು. ಎಂಎಸ್-13 ಎಂಬ ಪಾತಕಿ ಗುಂಪು ಹುಟ್ಟಿದ್ದು ಹಾಗೆ. 1990ರ ದಶಕದಲ್ಲಿ ಅಮೆರಿಕ ಅವರನ್ನು ಗಡೀಪಾರು ಮಾಡಿತು. ಯುದ್ಧದಿಂದ ಸುಸ್ತಾಗಿದ್ದ ದೇಶಕ್ಕೆ ಆ ಗುಂಪುಗಳು ಹೋಗಿ ಬೇರೂರಿದವು. ಆಮೇಲೆ ಅವುಗಳಿಗೆ ಹೆದರಿ ಜನ ಮತ್ತೆ ಉತ್ತರಕ್ಕೆ ನಡೆದರು.

ಕೆನಡಾಕ್ಕೆ ಯಾಕೆ ಹೀಗೆಲ್ಲ ಆಗಲಿಲ್ಲ?

1812ರ ಯುದ್ಧದಲ್ಲಿ ಅಮೆರಿಕ ಅಲ್ಲಿಗೂ ನುಗ್ಗಲು ನೋಡಿತ್ತು, ಆಗಲಿಲ್ಲ. ಅದರ ಬೆನ್ನಿಗೆ ಬ್ರಿಟಿಷ್ ಸಾಮ್ರಾಜ್ಯ ಇತ್ತು. ಗ್ವಾಟೆಮಾಲಾದ ಬೆನ್ನಿಗೆ ಯಾರೂ ಇರಲಿಲ್ಲ.

ಮನ್ರೋ ಸಿದ್ಧಾಂತ ಈಗಲೂ ಇದೆಯಾ?

ಅದರ ಕಾಲ ಮುಗಿಯಿತು ಅಂತ 2013ರ ನವೆಂಬರ್‌ನಲ್ಲಿ ವಿದೇಶಾಂಗ ಕಾರ್ಯದರ್ಶಿ ಜಾನ್ ಕೆರಿ ಹೇಳಿದರು. ಐದು ವರ್ಷ ಆದ ಮೇಲೆ, 2018ರಲ್ಲಿ, ಅಧ್ಯಕ್ಷ ಟ್ರಂಪ್ ವಿಶ್ವಸಂಸ್ಥೆಯಲ್ಲಿ ಮನ್ರೋ ಹೆಸರನ್ನು ಮತ್ತೆ ಎತ್ತಿದರು. 2025ರ ಜನವರಿಯಲ್ಲಿ ಪ್ರಮಾಣವಚನದ ಭಾಷಣದಲ್ಲೇ ಪನಾಮಾ ಕಾಲುವೆಯನ್ನು ವಾಪಸ್ ತೆಗೆದುಕೊಳ್ಳುತ್ತೇವೆ ಅಂದರು. ಈ ಸಲ ಹಿಂದೆ ನಿಂತವರು ಅಂತ ತೋರಿಸಿದ್ದು ಚೀನಾವನ್ನು.

ಅಮೆರಿಕ ಯಾವತ್ತಾದರೂ ತಪ್ಪು ಒಪ್ಪಿಕೊಂಡಿದೆಯಾ?

ಸ್ವಲ್ಪ. ಮೇಲೆ ಹೇಳಿದ ಎಷ್ಟೋ ವಿಷಯ ನಮಗೆ ಗೊತ್ತಿರುವುದೇ ಅಮೆರಿಕದ ಸಂಸತ್ತು ತನಿಖೆ ಮಾಡಿದ್ದರಿಂದ, ಸರ್ಕಾರ ತನ್ನ ಗುಟ್ಟಿನ ಕಡತಗಳನ್ನು ಬಿಡುಗಡೆ ಮಾಡಿದ್ದರಿಂದ. ಇದು ಸಣ್ಣ ಮಾತಲ್ಲ. 1999ರ ಮಾರ್ಚ್‌ನಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಗ್ವಾಟೆಮಾಲಾಕ್ಕೇ ಹೋಗಿ, ಜನರ ಮೇಲೆ ಹಿಂಸೆ ನಡೆಸಿದ ಸೇನೆಗೆ ಬೆಂಬಲ ಕೊಟ್ಟದ್ದು ತಪ್ಪು ಅಂದರು.

ಆರ್ಬೆನ್ಸ್ ಅದನ್ನು ಕೇಳಲು ಇರಲಿಲ್ಲ. ಅವರು ದೇಶದಿಂದ ದೇಶಕ್ಕೆ ಅಲೆದು 1971ರಲ್ಲಿ ಮೆಕ್ಸಿಕೊದಲ್ಲಿ ತೀರಿಕೊಂಡರು. 1995ರಲ್ಲಿ ಅವರ ಅಸ್ಥಿ ಊರಿಗೆ ಬಂತು. 2011ರಲ್ಲಿ ಗ್ವಾಟೆಮಾಲಾ ಸರ್ಕಾರ ಅವರ ಮಗನ ಎದುರು ಕ್ಷಮೆ ಕೇಳಿತು. ಕಂಪನಿಯ ಹಿಡಿತದಲ್ಲಿದ್ದ ರೈಲಿಗೆ ಪೈಪೋಟಿಯಾಗಿ ಅಟ್ಲಾಂಟಿಕ್ ತೀರಕ್ಕೆ ಒಂದು ಹೆದ್ದಾರಿ ಕಟ್ಟಬೇಕು ಅಂತ ಆರ್ಬೆನ್ಸ್ ಹೊರಟಿದ್ದರಲ್ಲ, ಆ ಹೆದ್ದಾರಿಗೆ ಈಗ ಅವರದ್ದೇ ಹೆಸರು.